ಕರೆಂಟ್ ಬಂದಾಗ ಗುಂಡಿಯಲ್ಲಿದ್ದವರು

ಮೊದಲು ಫ್ಯಾನು ಶುರುವಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಎಲಿವೇಟರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಕೊನೆಗೆ, ಗುಂಡಿಯ ತಳದಲ್ಲಿರುವ ಸ್ಕ್ರೂ. ಈ ಮೂರರ ನಡುವಿನ ಬಿಡುವಿನಲ್ಲಿ ಒಬ್ಬ ಮನುಷ್ಯ ಗುಂಡಿಯೊಳಗಿನಿಂದ ಜೀವಂತ ಮೇಲೆ ಬಂದದ್ದನ್ನು ನಾನು ನೋಡಿದ್ದೇನೆ. ಅವರು ಈಗ ಆರಾಮಾಗಿದ್ದಾರೆ. ದಿನವೂ ಕೆಲಸಕ್ಕೆ ಬರುತ್ತಾರೆ. ಆದರೂ ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಿರುವಾಗ, ನನ್ನ ತಲೆಯೊಳಗೆ ಆ ಫ್ಯಾನು ಶುರುವಾಗಿಬಿಡುತ್ತದೆ. ಆಮೇಲೆ ಎಲಿವೇಟರಿಗಾಗಿ ಕಾಯುತ್ತೇನೆ. ಹೀಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡೋಣ ಎಂದುಕೊಂಡಿದ್ದೇನೆ.

ನಾನು ಮಸ್ಕಿಯ ಹೊರಗೆ ರಸ್ತೆ ಬದಿಗಿರುವ ಒಂದು ಭತ್ತದ ಶೆಡ್ಡಿನಲ್ಲಿ ಕಾಟಾ ನೋಡಿಕೊಳ್ಳುತ್ತೇನೆ. ಟ್ರಾಕ್ಟರು ಬಂದು ಕಾಟಾದ ಮೇಲೆ ನಿಂತರೆ ತೂಕ ನೋಡಿ ಚೀಟಿ ಕೊಡುವುದು ನನ್ನ ಕೆಲಸ. ಲಿಂಗಸುಗೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದೆ, ಕಂಪ್ಯೂಟರ್ ಒಂದು ವಿಷಯವಾಗಿತ್ತು. ಆ ಓದಿನಲ್ಲಿ ಬಹಳಷ್ಟು ಮರೆತಿದ್ದರೂ ಪರದೆಯ ಮೇಲೆ ಓಡುವ ಅಕ್ಷರ ಕಂಡರೆ ಗಾಬರಿಯಾಗುವುದಿಲ್ಲ.

ಶೆಡ್ಡಿನಲ್ಲಿ ಆಗುವ ಕೆಲಸ ಇಷ್ಟು. ಕೊಯ್ಲಿನ ಕಾಲಕ್ಕೆ ಮಳೆ ಬಿದ್ದರೆ ಭತ್ತ ಹಸಿಯಾಗಿ ಬರುತ್ತದೆ. ಹಸಿ ಭತ್ತ ರಾಶಿಯಲ್ಲಿ ಬಿದ್ದಿದ್ದರೆ ಒಳಗೊಳಗೇ ಬಿಸಿಯಾಗಿ ಕಮಟು ಹಿಡಿಯುತ್ತದೆ. ಅದನ್ನು ನೆಲದಲ್ಲಿರುವ ಗುಂಡಿಗೆ ಸುರಿಯುತ್ತಾರೆ. ಗುಂಡಿಯ ತಳದಲ್ಲಿ, ದೋಣಿಯಾಕಾರದ ಒಂದು ಉದ್ದನೆಯ ಕಬ್ಬಿಣದ ತೊಟ್ಟಿಯಲ್ಲಿ, ಆಳು ಉದ್ದದ ಉಕ್ಕಿನ ಸ್ಕ್ರೂ ಮಲಗಿದೆ. ಅದು ತಿರುಗಿದರೆ ಭತ್ತ ಮುಂದಕ್ಕೆ ಸರಿಯುತ್ತದೆ. ಅಲ್ಲಿಂದ ಎಲಿವೇಟರಿನ ಸಣ್ಣ ಸಣ್ಣ ಬಕೀಟುಗಳು ಅದನ್ನು ಎತ್ತಿ ಮೇಲಿನ ಒಣಗಿಸುವ ಗೂಡಿಗೆ ಹಾಕುತ್ತವೆ. ಗೂಡಿಗೆ ದೊಡ್ಡ ಫ್ಯಾನು ಬಿಸಿಗಾಳಿ ಊದುತ್ತದೆ.

ನಮ್ಮ ಸಾವ್ಕಾರರಿಗೆ ಇಂಥ ಶೆಡ್ಡುಗಳು ಸಿಂಧನೂರಿನಲ್ಲೊಂದು, ಲಿಂಗಸುಗೂರಿನಲ್ಲೊಂದು, ಮಸ್ಕಿಯಲ್ಲೊಂದು. ಅವರು ಕೂರುವುದು ಸಿಂಧನೂರಿನಲ್ಲಿ. ಮೂರು ಕಡೆಯ ಗೂಡುಗಳಲ್ಲಿ ಭತ್ತ ಎಷ್ಟು ಒಣಗಿದೆ, ಎಲ್ಲಿಂದ ಎಲ್ಲಿಗೆ ಯಾವಾಗ ಸಾಗಿಸಬೇಕು ಎಂಬುದನ್ನು ಒಂದೇ ಕಡೆಯಿಂದ ನೋಡಿ ನಡೆಸಬೇಕೆಂದು ಅವರಿಗೆ ಆಸೆಯಾಯಿತು. ಅದಕ್ಕೆ ಒಬ್ಬ ಅಕ್ಕನನ್ನು ಹಿಡಿದರು.

ಅಕ್ಕ ಸಿಂಧನೂರಿನ ಹತ್ತಿರದ ಒಂದು ಕ್ಯಾಂಪಿನವರು. ಕಾಲುವೆ ನೀರು ಬಂದಾಗ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಮೊಮ್ಮಗಳು. ಮಾತೆಲ್ಲ ನಮ್ಮದೇ ಕನ್ನಡ, ಸಿಟ್ಟು ಬಂದರೆ ಮಾತ್ರ ತೆಲುಗು. ಇಂಜಿನಿಯರಿಂಗ್ ಓದಿ, ಮಗಳು ಶಾಲೆಗೆ ಹೋದ ಮೇಲೆ ಇಂಥ ಕೆಲಸ ಹಿಡಿದು ಮಾಡುತ್ತಿದ್ದರು. ಬ್ಯಾಗಿನಲ್ಲಿ ಒಂದು ಲ್ಯಾಪ್‌ಟಾಪು, ಒಂದು ಸ್ಕ್ರೂ ಡ್ರೈವರು, ಒಂದು ಡಬ್ಬಿ ಶೇಂಗಾ ಚಟ್ನಿ. ಬಸ್ಸಿಳಿದು ನಡೆದೇ ಶೆಡ್ಡಿಗೆ ಬಂದರು.

ಕಾಟಾ ಕೋಣೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನೇ ಅವರು ಆರಿಸಿಕೊಂಡರು. ಅದರೊಳಗಿದ್ದುದನ್ನೆಲ್ಲ ಅಳಿಸಿ ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿದರು. ಬಣ್ಣದ ಚಿತ್ರಗಳೆಲ್ಲ ಹೋಗಿ ಕಪ್ಪು ಪರದೆ, ಬಿಳಿ ಅಕ್ಷರ ಉಳಿಯಿತು. ನಂತರ, ಕಂಟೇನರುಗಳನ್ನು ನಡೆಸುವ ಡಾಕರ್ ಎಂಬುದನ್ನು ಹಾಕಬೇಕು ಎಂದರು. ಅದೇನೆಂದು ಕೇಳಿದೆ.

"ಕುರಿಗಾರರನ್ನ ನೋಡೀಯಿಲ್ಲ? ಹಾಸಿಗಿ, ಗಡಿಗಿ, ಮರಿ, ಕೂಸು ಎಲ್ಲಾ ಕುದುರಿ ಮ್ಯಾಲೆ ಹೇರಿಕೊಂಡು ಹೊಂಟಿರತಾರ. ಎಲ್ಲಿ ಇಳೀತಾರ ಅದ ಮನಿ. ಯಾರ ಮನ್ಯಾಗೂ ಒಂದು ಚರಿಗಿ ಕೇಳಾಂಗಿಲ್ಲ. ಕಂಟೇನರ್ ಅಂದ್ರ ಹಂಗ. ಪ್ರೋಗ್ರಾಮು ತನಗ ಬೇಕಾದ್ದೆಲ್ಲಾ ಕಟ್ಟಿಕೊಂಡ ಬರ್ತೈತಿ. ಸಿಂಧನೂರಾಗ ಇಳಿಸಿದ್ರೂ ಅಷ್ಟ, ಲಿಂಗಸುಗೂರಾಗ ಇಳಿಸಿದ್ರೂ ಅಷ್ಟ."

ಆ ಕಟ್ಟು ಇಂಟರ್ನೆಟ್ಟಿನಿಂದ ಇಳಿದು ಬರಬೇಕಿತ್ತು. ನಮ್ಮಲ್ಲಿ ಸಿಗ್ನಲ್ಲು ಕಿಟಕಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ನನ್ನ ಫೋನನ್ನು ಕಿಟಕಿಯ ಸರಳಿಗೆ ಸುತಳಿಯಿಂದ ಕಟ್ಟಿ ತೂಗುಬಿಟ್ಟೆವು. ಪರದೆಯ ಮೇಲೆ ಒಂದೊಂದು ಪದರವೂ ಒಂದೊಂದು ಗೆರೆಯಾಗಿ ತುಂಬುತ್ತ ಬಂತು. ಕೆಲವು ಬೇಗ ತುಂಬಿದವು, ಒಂದು ಅರ್ಧಕ್ಕೇ ಕೂತುಬಿಟ್ಟಿತು. ಅಕ್ಕ ಶೇಂಗಾ ಚಟ್ನಿಯ ಡಬ್ಬಿ ತೆಗೆದು, ನನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡು, "ಇದು ತುಂಬೂದ್ರಾಗ ನಮ್ಮ ಹೊಟ್ಟಿ ತುಂಬ್ತದ" ಎಂದರು.

ಊಟ ಮುಗಿಯುವ ಹೊತ್ತಿಗೆ ಚಾಚಾ ಬಂದು ಬಾಗಿಲಲ್ಲಿ ನಿಂತರು. ಚಾಚಾ ನಮ್ಮ ಶೆಡ್ಡಿನ ಹಮಾಲರಲ್ಲಿ ಹಿರಿಯರು. ಮೈ ತೆಳ್ಳಗೆ, ಗಡ್ಡ ಬೆಳ್ಳಗೆ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಗುಂಡಿಗೆ ಇಳಿಯುವ ಕೆಲಸ ಅವರದು, ಯಾಕೆಂದರೆ ಆ ಕಿರಿದಾದ ಜಾಗದಲ್ಲಿ ತೂರುವ ಮೈ ಅವರೊಬ್ಬರದೇ.

"ಏನು ಕೂಡ್ರಿಸಾಕತ್ತೀರಿ ಅಕ್ಕಾರ?"

"ಈ ಕಂಪ್ಯೂಟರಿಗಿ ವರ್ಕರ್ ನೋಡ್ ಅಂತಾರ್ರಿ ಚಾಚಾ. ದೊಡ್ಡ ಮಷಿನ್ನು ಸಿಂಧನೂರಾಗೈತಿ, ಅದು ಕೆಲಸ ಹೇಳ್ತೈತಿ. ಇದು ಇಲ್ಲಿ ಮಾಡ್ತೈತಿ."

"ಅಂದ್ರ ಇದೂ ನಮ್ಮಂಗ ಹಮಾಲ. ಪಗಾರ?"

"ಪಗಾರ ಇಲ್ಲ."

"ಚಾ?"

"ಚಾನೂ ಇಲ್ಲ."

"ಬೀಡಿ?"

"ಇಲ್ರೀ."

"ಅರೆ, ಹಂಗಾದ್ರ ಬೇಟಿ," ಎಂದು ಚಾಚಾ ನನ್ನ ಕಡೆ ತಿರುಗಿದರು, "ಇದು ಯಾರ್ದೋ ಅಳಿಯ ಇರಬೇಕು, ಸುಮ್ನ ದುಡಿಯಾಕ ಬಂದೈತಿ."

ಕಟ್ಟು ಇಳಿದ ಮೇಲೆ ಅದನ್ನು ಸಿಂಧನೂರಿನ ಯಂತ್ರಕ್ಕೆ ಪರಿಚಯ ಮಾಡಿಸಬೇಕಿತ್ತು. ಅದಕ್ಕೊಂದು ಉದ್ದನೆಯ ಗುಪ್ತ ಪದ. ಅದು ಅಕ್ಕನ ಫೋನಿಗೆ ಬಂದಿತ್ತು, ಹೊಸ ಯಂತ್ರಕ್ಕೆ ಕೈಯಿಂದಲೇ ಹೊಡೆಯಬೇಕು. ನಾನು ಓದಿ ಹೇಳಿದೆ, ಸಣ್ಣ ಕೆ, ದೊಡ್ಡ ಟಿ, ಸೊನ್ನೆ, ಅಡ್ಡಗೆರೆ ಎಂದು. ಎರಡನೆಯ ಸಲಕ್ಕೆ ಸರಿಯಾಯಿತು. ಅಕ್ಕನ ಲ್ಯಾಪ್‌ಟಾಪಿನಲ್ಲಿ ಸಿಂಧನೂರು, ಲಿಂಗಸುಗೂರು ಎಂಬ ಎರಡು ಹೆಸರುಗಳ ಕೆಳಗೆ ಮಸ್ಕಿ ಎಂಬ ಹೆಸರು ಮೂಡಿ ಅದರ ಪಕ್ಕದ ಚುಕ್ಕೆ ಹಸಿರಾಯಿತು. ಅಷ್ಟು ದೊಡ್ಡ ಸಂಗತಿಯೇನಲ್ಲ, ಆದರೆ ನಮ್ಮೂರಿನ ಹೆಸರು ಹಾಗೆ ಹಸಿರಾದದ್ದು ಕಂಡು ನನಗೆ ಖುಷಿಯಾಯಿತು. ಆಮೇಲೆ ಅಕ್ಕ ನನ್ನ ಫೋನನ್ನು ಬಿಚ್ಚಿಕೊಟ್ಟು, ಕಿಟಕಿಯ ಅದೇ ಮೂಲೆಗೆ ಸಿಮ್ ಹಾಕಿದ ಒಂದು ಸಣ್ಣ ಡಬ್ಬಿ ಕಟ್ಟಿದರು.

ಕಂಟೇನರು ತನ್ನ ಪೆಟ್ಟಿಗೆಯೊಳಗೇ ಇರುತ್ತದೆ, ಹೊರಗಿನದೇನನ್ನೂ ಮುಟ್ಟಲಾರದು, ನಾವು ಕೊಟ್ಟರೆ ಮಾತ್ರ ಎಂದು ಅಕ್ಕ ಹೇಳಿದರು. ಅವರು ಅದಕ್ಕೆ ಕೊಟ್ಟದ್ದು ಒಂದೇ ಒಂದು. ಮೋಟಾರುಗಳನ್ನು ಹಚ್ಚಿ ಆರಿಸುವ ರಿಲೇ ಹಲಗೆ. "ಇದಕ್ಕ ಒಂದ ಕೈ ಕೊಟ್ಟೀನಿ" ಎಂದರು. ಗೋಡೆಯ ಮೇಲಿದ್ದ ಹಳೆಯ ಸ್ಟಾರ್ಟರುಗಳನ್ನು, ಹಸಿರು ಬಟನ್ನು ಕೆಂಪು ಬಟನ್ನಿನ ಆ ಕಬ್ಬಿಣದ ಡಬ್ಬಿಗಳನ್ನು, ಬಜಾರಿನ ಎಲೆಕ್ಟ್ರಿಷಿಯನ್ನು ಬಿಚ್ಚಿ ಸ್ಟೋರಿಗೆ ಹಾಕಿದ.

ಇನ್ನು ಕರೆಂಟಿನ ಮಾತು. ಲಿಂಗಸುಗೂರಿನಲ್ಲಿ ಅಕ್ಕ ಇದೇ ಯಂತ್ರ ಕೂರಿಸಿದಾಗ ಕರೆಂಟು ಹೋಗಿ ಬಂದರೆ ಅದು ಸುಮ್ಮನೆ ಕೂತುಬಿಡುತ್ತಿತ್ತು. ಪ್ರತಿ ಸಲವೂ ಯಾರಾದರೂ ಫೋನು ಮಾಡುವುದು, ಅವರು ಬಸ್ಸು ಹತ್ತುವುದು.

"ಒಂದ ಸಾಲು ಹೊಡಿಯಾಕ ಸಿಂಧನೂರಿಂದ ಲಿಂಗಸುಗೂರಿಗಿ ಹೋಗೀನಿ. ಸಾವ್ಕಾರ್ರು ಏನಂದ್ರು ಗೊತ್ತೇನು? ನಿಮ್ಮ ಮಷಿನ್ನಿಗಿಂತ ನಮ್ಮ ಎತ್ತು ಚಲೋ, ಮಲಗಿದ್ರ ತಾನ ಏಳತೈತಿ ಅಂದ್ರು."

ಅದಕ್ಕೇ ಅವರು ಲಿಂಗಸುಗೂರಿನದನ್ನು ತಿದ್ದಿದರು, ಮಸ್ಕಿಯಲ್ಲಿ ಮೊದಲಿನಿಂದಲೇ ಎಲ್ಲವನ್ನೂ ಬಿಗಿ ಮಾಡಿದರು. ಕರೆಂಟು ಬಂದ ಕೂಡಲೇ ಕಂಪ್ಯೂಟರು ತಾನೇ ಏಳಬೇಕು. ಕಂಪ್ಯೂಟರು ಎದ್ದ ಕೂಡಲೇ ಕಂಟೇನರು ಏಳಬೇಕು. ಏನೇ ಆಗಿ ಬಿದ್ದರೂ ಯಾವಾಗಲೂ ಮತ್ತೆ ಏಳು ಎಂದು ಅದರ ಸೂಚನೆಯಲ್ಲಿ ಬರೆದರು. ಇನ್ನೊಂದು ಏರ್ಪಾಟು ಸಿಂಧನೂರಿನ ಕಡೆ. ಯಾವುದಾದರೂ ಕೆಲಸ ಅರ್ಧಕ್ಕೆ ನಿಂತರೆ ಅದು ಕಳೆದುಹೋಗಬಾರದು, ಇಲ್ಲಿಯ ಯಂತ್ರ ಎದ್ದು ಬಂದೆ ಎಂದ ತಕ್ಷಣ ಅದೇ ಕೆಲಸವನ್ನು ಮತ್ತೆ ಕೊಡಬೇಕು. ಮೂರು ಮೋಟಾರು ಒಮ್ಮೆಲೇ ಎಳೆದರೆ ಫ್ಯೂಜು ಹಾರುತ್ತದೆಂದು ನಡುವೆ ಬಿಡುವು ಇಟ್ಟರು. ಮೊದಲು ಫ್ಯಾನು, ಆಮೇಲೆ ಎಲಿವೇಟರು, ಕೊನೆಗೆ ಸ್ಕ್ರೂ.

ಅಕ್ಕ ಪರೀಕ್ಷೆಯನ್ನೂ ಮಾಡಿದರು. ಗುಂಡಿಯಲ್ಲಿ ಒಂದಿಷ್ಟು ಭತ್ತ ಸುರಿಸಿ, ಅದು ಮೇಲೆ ಹೋಗುತ್ತಿರುವಾಗಲೇ ಮೇನ್ ಸ್ವಿಚ್ಚು ಎಳೆದರು. ಎಲ್ಲ ನಿಂತಿತು. ಮತ್ತೆ ಹಾಕಿದರು. ನಾವೆಲ್ಲ ಕಪ್ಪು ಪರದೆಯ ಮುಂದೆ ನಿಂತೆವು. ಅಕ್ಷರಗಳು ಸರಸರ ಓಡಿದವು. ಕೊನೆಗೆ ಯಾರೂ ಮುಟ್ಟದೆ ಫ್ಯಾನು ಗೊರ್ರೆಂದಿತು, ಬಕೀಟುಗಳು ಮೇಲೇರಿದವು, ಸ್ಕ್ರೂ ತಿರುಗಿತು. ಹಮಾಲರು ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವರು ಚಾಚಾ.

ಈಗ ಒಂದು ಮಾತು ಹೇಳಬೇಕು. ನಮ್ಮಲ್ಲಿ ಗುಂಡಿಯ ಸ್ಕ್ರೂವಿಗೆ ಚೀಲದ ಸುತಳಿ, ಹುಲ್ಲು ಸುತ್ತಿಕೊಳ್ಳುವುದು ದಿನದ ಮಾತು. ಅದನ್ನು ಕೊಯ್ದು ತೆಗೆಯಲು ಯಾರೂ ಮೋಟಾರು ನಿಲ್ಲಿಸುತ್ತಿರಲಿಲ್ಲ. ಕರೆಂಟು ಹೇಗೂ ಹೋಗುತ್ತದೆ. ಹೋದಾಗ ಇಳಿಯುತ್ತಿದ್ದರು. ಆ ಹೊತ್ತು ದುಡಿಮೆಗೆ ಲೆಕ್ಕವಿಲ್ಲದ ಹೊತ್ತು, ಅದರಲ್ಲೇ ಈ ಕೆಲಸ ಮುಗಿಸಿಬಿಡುವುದು. ಕರೆಂಟು ಬಂದರೂ ಅವಸರವಿರಲಿಲ್ಲ. ಹಳೆಯ ಸ್ಟಾರ್ಟರು ಕರೆಂಟು ಹೋದ ಕೂಡಲೇ ಟಕ್ಕೆಂದು ಬಿದ್ದುಬಿಡುತ್ತಿತ್ತು, ಒಬ್ಬರು ಬಂದು ಹಸಿರು ಬಟನ್ನು ಒತ್ತುವ ತನಕ ಮೋಟಾರು ಏಳುತ್ತಿರಲಿಲ್ಲ. ಒಳಗಿದ್ದವರು ಕೂಗಿ ಹೇಳಿದರೆ ಸಾಕಾಗಿತ್ತು, ಒತ್ತಬೇಡಿ ಎಂದು. ಕರೆಂಟು ಎಷ್ಟು ಸಲ ಹೋಗುತ್ತದೆ, ಎಷ್ಟು ಹೊತ್ತು ಹೋಗುತ್ತದೆ ಎಂದು ಅಕ್ಕ ಎಲ್ಲರನ್ನೂ ಕೇಳಿದ್ದರು. ಎಲ್ಲರೂ ಹೇಳಿದ್ದರು. ಹೋದಾಗ ನೀವೇನು ಮಾಡುತ್ತೀರಿ ಎಂದು ಕೇಳುವುದು ಅವರಿಗೆ ಹೊಳೆಯಲಿಲ್ಲ. ಅದೊಂದು ಹೇಳುವ ಸಂಗತಿ ಎಂದು ಇಲ್ಲಿಯ ಯಾರಿಗೂ ಅನಿಸಲಿಲ್ಲ. ಒಳಗೆ ಬರುವಾಗ ಚಪ್ಪಲಿ ಬಿಡುತ್ತೇವೆಂದು ಯಾರಾದರೂ ಹೇಳುತ್ತಾರೆಯೇ?

ಒಂದು ವಾರ ಎಲ್ಲ ಚೆನ್ನಾಗಿ ನಡೆಯಿತು. ನಡುವೆ ಕರೆಂಟು ಹೋಗಿ ಬಂದದ್ದೂ ಉಂಟು, ಆದರೆ ಆ ವಾರ ಭತ್ತ ಕಡಿಮೆಯಿದ್ದು ಸ್ಕ್ರೂ ಸುತಳಿ ಹಿಡಿದಿರಲಿಲ್ಲ, ಯಾರೂ ಇಳಿದಿರಲಿಲ್ಲ. ಆಮೇಲೆ ಮಳೆ ಬಂತು. ಸಿಂಧನೂರಿನ ಶೆಡ್ಡು ತುಂಬಿ, ದಢೇಸುಗೂರು, ಸಾಲಗುಂದದ ಕಡೆಯ ಟ್ರಾಕ್ಟರುಗಳನ್ನೂ ನಮ್ಮ ಕಡೆಗೇ ಕಳಿಸತೊಡಗಿದರು. ಕಾಟಾದ ಮುಂದೆ ಸಾಲು ಹತ್ತಿತು. ಮೇಲೆ ತಾಡಪಾಲು ಹೊದ್ದ ಟ್ರೇಲರುಗಳ ಒಳಗೆ ಕೈ ಹಾಕಿದರೆ ಭತ್ತ ಬೆಚ್ಚಗಿರುತ್ತಿತ್ತು.

ಆ ದಿನ ಅಕ್ಕ ತೇವ ಅಳೆಯುವ ಒಂದು ಸಾಧನ ಸರಿಯಾಗಿ ತೋರಿಸುತ್ತಿಲ್ಲವೆಂದು ಬಂದಿದ್ದರು. ಮಧ್ಯಾಹ್ನ ಸ್ಕ್ರೂವಿನ ಸದ್ದು ಬದಲಾಯಿತು, ಕುಂಟುತ್ತ ತಿರುಗುವ ಸದ್ದು. ಸುತಳಿ ಹಿಡಿದಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಯಾರೂ ಏನೂ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು.

ದೊಡ್ಡ ಫ್ಯಾನು ನಿಲ್ಲುವಾಗ ಉದ್ದಕ್ಕೆ ಉಸಿರು ಬಿಟ್ಟಂತೆ ಸದ್ದು ಮಾಡುತ್ತದೆ. ಅದು ಮುಗಿದ ಮೇಲೆ ಶೆಡ್ಡಿನಲ್ಲಿ ಗುಬ್ಬಿಗಳ ಸದ್ದು ಕೇಳಿಸಿತು. ಟ್ರಾಕ್ಟರಿನವರು ಚಹಾಕ್ಕೆ ಹೋದರು. ಹಮಾಲರಿಬ್ಬರು ಗುಂಡಿಯ ಪಕ್ಕದ ಖಾಲಿ ಚೀಲಗಳ ಮೇಲೆ ಅಡ್ಡಾದರು. ಚಾಚಾ ಅಂಗಿ ಕಳಚಿ ಮೊಳೆಗೆ ಹಾಕಿ, ಲುಂಗಿ ಮೇಲಕ್ಕೆ ಕಟ್ಟಿ, ಗುಂಡಿಯ ಬಾಯಿಗಿದ್ದ ಕಬ್ಬಿಣದ ಜಾಲರಿಯ ಒಂದು ತುಂಡು ಎತ್ತಿಟ್ಟು, ಕುಡಗೋಲು ಹಿಡಿದು ಇಳಿದರು. ಕಾಟಾ ಕೋಣೆಯ ಕಿಟಕಿಯಿಂದ ನಾನು ಇದನ್ನೆಲ್ಲ ನೋಡಿದೆ. ದಿನವೂ ನೋಡುವ ದೃಶ್ಯ. ಅಕ್ಕನ ಬೆನ್ನು ಕಿಟಕಿಯ ಕಡೆಗಿತ್ತು. ಅವರು ಮಗಳ ಶಾಲೆಯ ನಾಟಕದ ಕಥೆ ಹೇಳುತ್ತಿದ್ದರು, ಮಗಳಿಗೆ ಮರದ ಪಾತ್ರ ಸಿಕ್ಕಿದೆಯೆಂದು, ಮಾತಿಲ್ಲವಲ್ಲ ಎಂದು ಅವಳು ಅಳುತ್ತಿದ್ದಾಳೆಂದು.

ಕರೆಂಟು ಬಂತು.

ತಲೆಯ ಮೇಲಿನ ಬಲ್ಬು ಹತ್ತಿತು. ಟೇಬಲ್ ಫ್ಯಾನು ತಿರುಗಿತು. ಕಂಪ್ಯೂಟರು ಬೀಪ್ ಎಂದಿತು. ಗುಂಡಿಯೊಳಗಿನಿಂದ ಚಾಚಾನ ದನಿ ಬಂತು.

"ಲೇ, ಕರೆಂಟ್ ಬಂತಲ್ಲೋ! ಮೋಟರ್ ಹಚ್ಚಬ್ಯಾಡ್ರಿ ಈಗ, ನಾ ಒಳಗದೀನಿ. ಇನ್ನೊಂದಿಷ್ಟ ಉಳದೈತಿ."

ಚೀಲದ ಮೇಲೆ ಮಲಗಿದ್ದವನು ಕಣ್ಣು ತೆರೆಯದೆ ಉತ್ತರ ಕೊಟ್ಟ. "ಯಾರು ಹಚ್ಚತಾರ ಚಾಚಾ? ಹಚ್ಚಾಕ ಬಟನ್ನ ಇಲ್ಲ ಈಗ!"

ಇಬ್ಬರೂ ನಕ್ಕರು. ನಾನೂ ನಕ್ಕೆ. ಈ ನಗುವಿನ ಹತ್ತಿರ ಬಂದಾಗಲೆಲ್ಲ ನನ್ನ ನೆನಪು ನಿಧಾನವಾಗುತ್ತದೆ. ನನ್ನೆದುರಿಗೇ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡುತ್ತಿದ್ದವು. ಪರೀಕ್ಷೆಯ ದಿನ ನೋಡಿದ ಅವೇ ಸಾಲುಗಳು. ಅವು ಒಂದು ಕಡೆ, ಗುಂಡಿಯೊಳಗಿನ ದನಿ ಇನ್ನೊಂದು ಕಡೆ, ಎರಡರ ನಡುವೆ ಏನೋ ಇದೆ ಎಂದು ಆ ಹೊತ್ತಿನಲ್ಲಿ ಶೆಡ್ಡಿನ ಯಾರ ತಲೆಯಲ್ಲೂ ಇರಲಿಲ್ಲ. ಅಕ್ಕನೂ ನಾಟಕದ ಮಾತಿನಲ್ಲಿದ್ದರು. ಚಾಚಾ ಒಳಗಿದ್ದೇನೆಂದು ಕೂಗಿದ್ದು ಟೇಬಲ್ ಫ್ಯಾನಿನ ಗಾಳಿಯಲ್ಲಿ ಅವರ ಕಿವಿಗೆ ಬಿದ್ದಿರಲಿಲ್ಲ.

ಆಮೇಲೆ ದೊಡ್ಡ ಫ್ಯಾನು ಶುರುವಾಯಿತು.

ಅಕ್ಕ ಮಾತು ನಿಲ್ಲಿಸಿ ಹಿಂದಕ್ಕೆ ತಿರುಗಿದರು. ಎತ್ತಿಟ್ಟಿದ್ದ ಜಾಲರಿ ಕಂಡಿತು. "ಒಳಗ ಯಾರದಾರ?" ಎಂದರು. "ಚಾಚಾ" ಎಂದೆ. ನಾನು ಆ ಪದ ಹೇಳಿ ಮುಗಿಸುವ ಮೊದಲೇ ಅವರು ಬಾಗಿಲು ದಾಟಿದ್ದರು. ನಾನು ಹಿಂದೆ ಓಡಿದೆ. ಕಾಟಾ ಕೋಣೆಯಿಂದ ಗುಂಡಿ ದೂರವಲ್ಲ, ಕೂಗಿದರೆ ಕೇಳುವಷ್ಟು. ಆದರೆ ಫ್ಯಾನಿನ ಸದ್ದಿನಲ್ಲಿ ಈಗ ಕೂಗೂ ಕೇಳುತ್ತಿರಲಿಲ್ಲ.

ಚಾಚಾ ಗುಂಡಿಯ ತಳದಲ್ಲಿ ಕೂತಿದ್ದರು. ಎರಡೂ ಕಾಲು ದೋಣಿಯೊಳಗೆ, ಸ್ಕ್ರೂವಿನ ಆಚೆಗೊಂದು ಈಚೆಗೊಂದು. ಒಂದು ಕೈಯಲ್ಲಿ ಸುತಳಿಯ ಮುದ್ದೆ. ಮೇಲೆ ನೋಡಿ ನಗುತ್ತಿದ್ದರು.

"ಫ್ಯಾನ್ ಹಚ್ಚಿದಾಂವ ಯಾವನಲೇ? ಧೂಳೆಲ್ಲ ನನ್ನ ಮಾರಿಗಿ..."

"ಪೈಕಿ ರಾ!" ಅಕ್ಕ ತೆಲುಗಿನಲ್ಲಿ ಕಿರುಚಿದರು. "ಪೈಕಿ ರಾ! ಮ್ಯಾಲ ಬರ್ರಿ, ಕಾಲು ತಗೀರಿ!"

ಎಲಿವೇಟರು ಶುರುವಾಯಿತು. ಚಾಚಾನ ತಲೆಯ ಪಕ್ಕದಲ್ಲೇ ಬಕೀಟುಗಳು ಮೇಲಕ್ಕೆ ಸರಿಯತೊಡಗಿದವು. ಆಗ ಅವರಿಗೆ ತಿಳಿಯಿತು. ಆದರೆ ನಗು ಮುಖದಿಂದ ಇನ್ನೂ ಇಳಿದಿರಲಿಲ್ಲ. ಕಣ್ಣು ಹೆದರಿತ್ತು, ಬಾಯಿ ನಗುತ್ತಿತ್ತು. ಒಂದೇ ಮುಖದಲ್ಲಿ ಎರಡನ್ನೂ ನಾನು ಬೇರೆಲ್ಲೂ ಕಂಡಿಲ್ಲ. ಅವರು ಒಂದು ಕಾಲು ಎಳೆದುಕೊಂಡರು. ಇನ್ನೊಂದು ಕಾಲಿನ ಸುತ್ತ ಭತ್ತ ಕೂತಿತ್ತು. ಮಲಗಿದ್ದ ಹಮಾಲರಿಬ್ಬರೂ ಎದ್ದು ಬಂದು ಗುಂಡಿಯ ಅಂಚಿಗೆ ಹೊಟ್ಟೆಯ ಮೇಲೆ ಬಿದ್ದಿದ್ದರು. ಒಬ್ಬನಿಗೆ ಚಾಚಾನ ಮುಂಗೈ ಸಿಕ್ಕಿತು, ಇನ್ನೊಬ್ಬನಿಗೆ ಬನಿಯನ್ನು. ಅಕ್ಕ ಏಣಿಯ ಮೇಲೆ ಅರ್ಧ ಇಳಿದು ಅವರ ತೋಳಿಗೆ ಕೈ ಹಾಕಿದ್ದರು. ಮೂವರೂ ಎಳೆದರು. ಬನಿಯನ್ನು ಹರಿದದ್ದು ಕೇಳಿಸಿತು.

ಸ್ಕ್ರೂ ತಿರುಗಿತು.

ಕುಡಗೋಲು ಅದರ ಬಾಯಿಗೆ ಹೋಗಿ ಕಿರ್ರೆಂದು ಸಿಕ್ಕಿಕೊಂಡಿತು. ಸುಟ್ಟ ರಬ್ಬರಿನ ವಾಸನೆ ಬಂತು. ಯಾರೋ ಮೇನ್ ಎಳೆದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ, ಇಬ್ಬರು ಮೂವರು ತಾವೇ ಎಂದು ಹೇಳುತ್ತಾರೆ. ಎಲ್ಲವೂ ನಿಂತಾಗ ಚಾಚಾ ಗುಂಡಿಯ ಅಂಚಿನಲ್ಲಿ ಬೋರಲು ಬಿದ್ದಿದ್ದರು. ಎರಡು ಕಾಲೂ ಇದ್ದವು. ಒಂದು ಹಿಮ್ಮಡಿಯ ಮೇಲಿನ ಚರ್ಮ ಸುಲಿದು ರಕ್ತ ಬರುತ್ತಿತ್ತು.

ನಾನು ಏನು ಮಾಡಿದೆ ಎಂದರೆ, ನಿಂತಿದ್ದೆ. ಕೈಯಲ್ಲಿ ಫೋನಿತ್ತು. ಅದರ ಟಾರ್ಚು ಯಾವಾಗ ಹಚ್ಚಿದೆನೋ, ಹಗಲಿನಲ್ಲಿ ಅದು ಉರಿಯುತ್ತಿತ್ತು.

ಚಾಚಾನನ್ನು ಚೀಲಗಳ ಮೇಲೆ ಕೂರಿಸಿದರು. ನೀರು ಕುಡಿದರು. ನಾನು ಹಿಮ್ಮಡಿಗೆ ಅರಿಶಿನ ಹಚ್ಚುವಾಗ ಬಾಯಿ ತೆರೆದರು.

"ಅಳಿಯ ಅಂದಿದ್ದೆ ನೋಡು ಬೇಟಿ. ನನ್ನ ಕುಡಗೋಲೂ ನುಂಗೈತಿ."

ಆಗ ನಾನು ಅತ್ತೆ. ಚಾಚಾ ನನ್ನ ತಲೆಯ ಮೇಲೆ ಕೈಯಿಟ್ಟು, "ಕ್ಯಾ ಬೀ ನೈ ಹುವಾ, ಬೇಟಿ, ಏನೂ ಆಗಿಲ್ಲ" ಎಂದು ಹೇಳುತ್ತಲೇ ಇದ್ದರು.

ಬಜಾರಿನ ಡಾಕ್ಟರು ಬಂದು ಚುಚ್ಚಿ ಹೋದ ಮೇಲೆ ಕಾಟಾ ಕೋಣೆಗೆ ಬಂದೆ. ಅಕ್ಕ ಮೋಟಾರಿನ ಲೈನು ಬಿಟ್ಟು ಬೆಳಕಿನ ಲೈನು ಹಾಕಿಸಿ, ಕಂಪ್ಯೂಟರು ಏಳುವುದನ್ನೇ ನೋಡುತ್ತ ಕೂತಿದ್ದರು. ಅದು ಎದ್ದಿತು. ಕಂಟೇನರು ಎದ್ದಿತು. ಸಿಂಧನೂರಿಗೆ ಬಂದೆ ಎಂದು ಹೇಳಿತು. ಸಿಂಧನೂರು ಅದೇ ಅರ್ಧ ಕೆಲಸವನ್ನು ಮೂರನೆಯ ಸಲ ಅದರ ಕೈಗೆ ಕೊಟ್ಟಿತು. ಮೋಟಾರುಗಳಿಗೆ ಕರೆಂಟಿಲ್ಲದಿದ್ದರೂ ಪಕ್ಕದ ಹಲಗೆಯಲ್ಲಿ ರಿಲೇಗಳು ಒಂದಾದ ಮೇಲೊಂದು ಟಿಕ್ ಎಂದವು. ಮೂರನೆಯ ಟಿಕ್ಕಿನ ತನಕ ಅಕ್ಕ ಕಾದರು. ಆಮೇಲೆ ನಿಲ್ಲಿಸುವ ಸಾಲನ್ನು ಹೊಡೆದರು. ಒಂದೊಂದೇ ಅಕ್ಷರ, ಹೊಸದಾಗಿ ಕಲಿತವರ ಹಾಗೆ.

"ಇದರಾಗ ಏನೂ ತಪ್ಪಿಲ್ಲ" ಎಂದರು. "ನಾ ಏನು ಹೇಳೀನಿ, ಅದನ್ನ ಮಾಡೈತಿ. ಒಂದ ಒಂದು ತಪ್ಪು ಸಿಕ್ಕಿದ್ರ ತಿದ್ದಿ ಹೋಗತಿದ್ದೆ."

ಲ್ಯಾಪ್‌ಟಾಪಿನಲ್ಲಿ ಮಸ್ಕಿ ಕೆಂಪಾಯಿತು. ತಡವಿಲ್ಲದೆ ಸಾವ್ಕಾರರ ಫೋನು ಬಂತು. ಅಕ್ಕ ಸ್ಪೀಕರಿನಲ್ಲಿಟ್ಟರು.

"ಏನವ್ವಾ, ಮಸ್ಕಿ ಯಾಕ ನಿಂತೈತಿ? ಇಲ್ಲಿಂದ ಇನ್ನೂ ಟ್ರಾಕ್ಟರ್ ಬಿಟ್ಟೀನಿ."

"ನಾನ ನಿಲ್ಲಿಸೀನ್ರಿ." ನಡೆದದ್ದನ್ನು ಹೇಳಿದರು.

"ಜೀವಕ್ಕೇನೂ ಆಗಿಲ್ಲಲ್ಲ?"

"ಇಲ್ರಿ."

"ಹಂಗಾದ್ರ ಗುಂಡಿ ಬಾಯಾಗ ಒಬ್ಬನ್ನ ನಿಂದ್ರಸ್ರಿ, ಕೂಗಾಕ. ಚಾಲೂ ಮಾಡ್ರಿ. ಭತ್ತ ಕಾಯಾಕತ್ತೈತಿ, ರೈತರಿಗಿ ಏನು ಹೇಳ್ಲಿ?"

"ಕೂಗಾಂವ ನೀರು ಕುಡಿಯಾಕ ಹೋದ್ರ?"

"ಹೋಗಬ್ಯಾಡ ಅಂತ ಹೇಳ್ರಿ."

"ನಾ ಚಾಲೂ ಮಾಡಾಂಗಿಲ್ರಿ. ಬ್ಯಾರೆ ಯಾರನ್ನರ ಕರಸ್ರಿ."

ಅಷ್ಟರಲ್ಲಿ ಚಾಚಾ ಕುಂಟುತ್ತ ಬಂದು ಬಾಗಿಲಲ್ಲಿ ನಿಂತಿದ್ದರು. ಕೈ ಚಾಚಿ ಫೋನು ಇಸಿದುಕೊಂಡರು. "ಸಾವ್ಕಾರ್ರ, ನಾನ್ರಿ, ಒಳಗಿದ್ದಾಂವ" ಎಂದರು. ಅಷ್ಟು ಮಾತಾಡುವ ಮನುಷ್ಯ ಅಲ್ಲಿಗೇ ನಿಂತರು. ಸಾವ್ಕಾರರು, "ಕಾಲು ಹೆಂಗೈತೋ?" ಎಂದು ಕೇಳಿದರು. "ಐತ್ರಿ" ಎಂದರು ಚಾಚಾ.

ಅವತ್ತು ಬಂದ ಭತ್ತವನ್ನು ಶೆಡ್ಡಿನ ನೆಲದ ತುಂಬ ಹರವಿ ಹಲಗೆಯಿಂದ ತಿರುವಿದರು. ಟ್ರಾಕ್ಟರಿನವರೂ ಗೊಣಗುತ್ತ ಕೈ ಹಚ್ಚಿದರು. ಮರುದಿನ ಬಜಾರಿನ ಎಲೆಕ್ಟ್ರಿಷಿಯನ್ನು ಬಂದು ಸ್ಟೋರಿನಲ್ಲಿದ್ದ ಹಳೆಯ ಸ್ಟಾರ್ಟರುಗಳ ಧೂಳು ಕೊಡವಿ ಮತ್ತೆ ಗೋಡೆಗೆ ಬಡಿದ. ಈಗ ಯಂತ್ರ ಹೇಳಿದರೂ ಸಾಲದು, ಗುಂಡಿಯ ಹತ್ತಿರ ಒಬ್ಬರು ನಿಂತು ಹಸಿರು ಬಟನ್ನು ಒತ್ತಿದರೆ ಮಾತ್ರ ಮೋಟಾರು ಏಳುತ್ತದೆ. ಅಕ್ಕ ಸೂಚನೆಗಳನ್ನೂ ಬದಲಿಸಿದರು. ಕಂಟೇನರು ತಾನೇ ಎದ್ದು ತೇವ ಎಷ್ಟಿದೆ ಎಂದು ಸಿಂಧನೂರಿಗೆ ತಿಳಿಸುತ್ತಿರಲಿ, ಆದರೆ ಅರ್ಧಕ್ಕೆ ನಿಂತ ಕೆಲಸ ತಾನಾಗಿ ಮರಳಿ ಬರಬಾರದು, ಇಲ್ಲಿಯವರು ಹೂಂ ಎಂದರೆ ಮಾತ್ರ. ಲಿಂಗಸುಗೂರಿಗೂ ಅವತ್ತೇ ಬಸ್ಸು ಹತ್ತಿ ಹೋಗಿ ಹಾಗೆಯೇ ಮಾಡಿ ಬಂದರು.

ಮಸ್ಕಿಯಿಂದ ಹೊರಡುವ ಮೊದಲು ಚಾಚಾನನ್ನು ಕೇಳಿದ್ದರು. "ಚಾಚಾ, ಇಷ್ಟು ಮಾಡೀನಿ. ಈಗ ಇಳೀತೀರೇನು?"

ಚಾಚಾ ಗುಂಡಿಯ ಕಡೆ ನೋಡಿದರು. "ಇಲ್ರಿ ಅಕ್ಕಾರ."

"ಇನ್ನೇನು ಮಾಡಬೇಕು?"

"ಗೊತ್ತಿಲ್ರಿ. ಕಾಲು ಬ್ಯಾಡ ಅಂತೈತಿ."

ಅಕ್ಕ ಯೋಚಿಸಿದರು. ಎದ್ದು ಹೋಗಿ ಗೋಡೆಯ ಮೇಲಿನ ಮೇನ್ ಬೋರ್ಡಿನಿಂದ ಮೋಟಾರು ಲೈನಿನ ಮೂರು ಫ್ಯೂಜುಗಳನ್ನು ಕಿತ್ತು ತಂದರು. ಬಿಳಿ ಪಿಂಗಾಣಿಯ ಫ್ಯೂಜುಗಳು. ಚಾಚಾನ ಮಡಿಲಿಗೆ ಹಾಕಿದರು.

"ಇವನ್ನ ತಗೊಂಡ ಇಳೀರಿ. ಇವು ನಿಮ್ಮ ಕಡೆ ಇರೂತನಕ ಸಿಂಧನೂರಿನ ಮಷಿನ್ನು ಹೇಳಿದ್ರೂ ಅಷ್ಟ, ಸಾವ್ಕಾರ್ರು ಹೇಳಿದ್ರೂ ಅಷ್ಟ."

ಚಾಚಾ ಅವನ್ನು ತಿರುಗಿಸಿ ನೋಡಿದರು. "ಮೊಟ್ಟಿ ಇದ್ದಂಗದಾವ" ಎಂದು ಟವೆಲಿನಲ್ಲಿ ಕಟ್ಟಿಕೊಂಡರು, ಸ್ವಲ್ಪ ಹೊತ್ತಿಗೆ ಬಿಚ್ಚಿ ಬೋರ್ಡಿಗೇ ಮರಳಿ ಹಾಕಿದರು. ಇಳಿಯಲಿಲ್ಲ. ಅವತ್ತೂ ಇಳಿಯಲಿಲ್ಲ, ಮುಂದೆ ಕೆಲವು ದಿನವೂ ಇಳಿಯಲಿಲ್ಲ. ಬೇರೆ ಯಾರೂ ಇಳಿಯಲಿಲ್ಲ. ಸ್ಕ್ರೂವಿಗೆ ಸಿಕ್ಕಿದ್ದ ಕುಡಗೋಲನ್ನೂ ಮೇಲಿನಿಂದಲೇ ಉದ್ದನೆಯ ಕೊಕ್ಕೆ ಹಾಕಿ ಎಳೆದು ತೆಗೆದಿದ್ದರು. ಸುತಳಿ ಗುಂಡಿಗೆ ಹೋಗದಂತೆ ಹಮಾಲರು ಚೀಲ ಬಿಚ್ಚುವಾಗಲೇ ಆರಿಸಿ ತೆಗೆದಿಟ್ಟರು. ಆದರೂ ಒಂದು ದಿನ ಸ್ಕ್ರೂ ಮತ್ತೆ ಕುಂಟತೊಡಗಿತು.

ಚಾಚಾ ಕೆಂಪು ಬಟನ್ನು ಒತ್ತಿಸಿದರು. ಕರೆಂಟು ಇದ್ದಾಗಲೇ. ನಮ್ಮ ಶೆಡ್ಡಿನಲ್ಲಿ ಹಾಗೆ ಮೋಟಾರು ನಿಲ್ಲಿಸಿದ್ದು ಅದೇ ಮೊದಲು. ಫ್ಯೂಜು ಕಿತ್ತು ಟವೆಲಿನಲ್ಲಿ ಕಟ್ಟಿ, ಟವೆಲು ಸೊಂಟಕ್ಕೆ ಬಿಗಿದು, ಹೊಸ ಕುಡಗೋಲು ಹಿಡಿದು, ಏಣಿಯ ಮೇಲೆ ಒಂದು ಕಾಲಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಇಳಿದರು.

ನಾನು ಕಾಟಾ ಬಿಟ್ಟು ಗುಂಡಿಯ ಬಾಯಿಗೆ ಹೋಗಿ ನಿಂತೆ. ಕಾಟಾದ ಮೇಲೆ ಒಂದು ಟ್ರಾಕ್ಟರು ನಿಂತು ಹಾರ್ನು ಹೊಡೆಯುತ್ತಿತ್ತು, ನಾನು ತಿರುಗಿ ನೋಡಲಿಲ್ಲ. ಚಾಚಾ ಒಳಗಿದ್ದಾಗಲೇ ಕರೆಂಟು ಒಮ್ಮೆ ಹೋಗಿ ಬಂತು. ಕೋಣೆಯಲ್ಲಿ ಕಂಪ್ಯೂಟರು ಬೀಪ್ ಎಂದದ್ದು ಕೇಳಿಸಿತು. ಅಲ್ಲಿ ಬಿಳಿ ಸಾಲುಗಳು ಓಡುತ್ತಿರಬೇಕು ಎಂದುಕೊಂಡೆ. ಫ್ಯಾನಿಗಾಗಿ ಕಾದೆ. ನನ್ನ ಬೆನ್ನೆಲ್ಲ ಕಿವಿಯಾಗಿತ್ತು. ಫ್ಯಾನು ಬರಲಿಲ್ಲ. ಗುಂಡಿಯಲ್ಲಿ ಕುಡಗೋಲು ಸುತಳಿಯನ್ನು ಕೊಯ್ಯುವ ಸದ್ದು ಒಂದು ಗಳಿಗೆ ನಿಂತಿತ್ತು, ಮತ್ತೆ ಶುರುವಾಯಿತು.

"ಬೇಟಿ, ಅಲ್ಲೇ ನಿಂತೀಯೇನು?"

"ನಿಂತೀನ್ರಿ ಚಾಚಾ."

"ಒಂದೀಟು ಸರಿಯವ್ವಾ. ನಿನ್ನ ನೆರಳು ಬಿದ್ದು ಒಳಗ ಏನೂ ಕಾಣವಲ್ದು."

ನಾನು ಒಂದಿಷ್ಟು ಪಕ್ಕಕ್ಕೆ ಸರಿದೆ. ಬೆಳಕು ಅವರ ಕೈಯ ಮೇಲೆ ಬಿತ್ತು. ಅವರು ಮೇಲೆ ಬರುವ ತನಕ ಅಲ್ಲಿಂದ ಕದಲಲಿಲ್ಲ.